ಕಂಪ್ಯೂಟರದಾಗ ಕಟ್ಟಿದ ಒಂಬತ್ತು ಅಂಕಣದ ಮನಿ

ಅಂಕಣ ಅಂದ್ರೇನು ಅಂತ ನಮ್ಮ ಮನಿ ಹುಡುಗ್ರನ್ನ ಕೇಳಿ ನೋಡ್ರಿ. ಒಬ್ಬ ಕ್ರಿಕೆಟ್ ಆಡೋ ಜಾಗಾ ಅಂತಾನ, ಇನ್ನೊಬ್ಬಾಕಿ ಪೇಪರದಾಗ ವಾರಾ ವಾರಾ ಬರೋ ಬರಹ ಅಂತಾಳ. ಕಂಬದಿಂದ ಕಂಬಕ್ಕ ಇರೋ ಜಾಗಾ, ಹಿಂದಕ ಮನಿ ಅಳಿಯೋದೇ ಅದರಿಂದ ಅಂತ ಒಬ್ಬರೂ ಹೇಳಂಗಿಲ್ಲ. ಮೂರು ಅಂಕಣ ಅಂದ್ರ ಬಡವರ ಮನಿ, ಒಂಬತ್ತು ಅಂಕಣ ಅಂದ್ರ ಉಂಡುಟ್ಟು ಇದ್ದ ರೈತನ ಮನಿ. ಹೆಣ್ಣು ಕೊಡೋ ಮುಂದ ಎತ್ತು ಎಷ್ಟು, ಕೂರಿಗಿ ಎಷ್ಟು, ಅಂಕಣ ಎಷ್ಟು ಅಂತ ಹಿರ್ಯಾರು ಕೇಳತಿದ್ರು.

ಈ ಸೂಟ್ಯಾಗ ನಾನೂ ನಮ್ಮಕ್ಕನ ಮಗಳೂ ಕೂಡಿ ಅಂಥಾದೊಂದು ಒಂಬತ್ತು ಅಂಕಣದ ಮನಿ ಕಟ್ಟೀವಿ. ಮಣ್ಣಿಲ್ಲ, ಕಲ್ಲಿಲ್ಲ, ಎಲ್ಲಾ ಕಂಪ್ಯೂಟರದಾಗ. ಆಕಿ ಆಡೋ ಆಟದ ಹೆಸರು ‘ದಿ ಸಿಮ್ಸ್ 4’. ಇದರಾಗ ಗೆಲ್ಲೋದು ಸೋಲೋದು ಅಂತ ಇಲ್ಲ. ಮನಿ ಕಟ್ಟೋದು, ಅದರಾಗ ಮಂದೀನ ಇಡೋದು, ಅವರು ಉಣ್ಣೋದು ಮಲಗೋದು ಜಗಳಾಡೋದು ನೋಡಿಕೋತ ಕೂಡೋದು. ಥೇಟ್ ನಾವು ಕಟ್ಟಿ ಮ್ಯಾಲೆ ಕುಂತು ಮಾಡೋ ಕೆಲಸಾನ. ಮೂಲ ಆಟ 2022ರ ಅಕ್ಟೋಬರದಿಂದ ಪುಕ್ಕಟ ಐತಿ, ಹೆಚ್ಚಿನ ಸಾಮಾನು ಬೇಕಂದ್ರ ರೊಕ್ಕಾ. ಇದರಾಗ 1890ರ ಸುಮಾರಿನ ಮನಿ ಕಟ್ಟಿ, ಆ ಕಾಲದಾಗ ಇಲ್ಲದ್ದನ್ನೆಲ್ಲಾ ಬಿಟ್ಟು, ಒಂದೊಂದ ದಶಕ ದಾಟಿಕೋತ ಈಗಿನ ಕಾಲಕ್ಕ ಬರೋರು ದೇಶ ದೇಶದಾಗ ಅದಾರ. ನಮ್ಮ ಹುಡುಗಿಗೂ ಅದೇ ಹುಚ್ಚು ಹತ್ತಿತ್ತು. “ಚಿಗವ್ವಾ, ಇಂಗ್ಲೆಂಡಿನ ಮನಿ ಎಲ್ಲಾರೂ ಕಟ್ಟತಾರ, ನಾವು ಆಯಿ ಮನಿ ಕಟ್ಟೋಣು. ನೀ ಹೇಳಕೋತ ಹೋಗ, ನಾ ಹಾಕತೀನಿ” ಅಂದ್ಲು.

ಈ ಆಟ ಹುಟ್ಟಿದ್ದೂ ಒಂದು ಮನಿಯಿಂದನ. ವಿಲ್ ರೈಟ್ ಅಂತ ಅಮೇರಿಕಾದವರು. 1991ರ ಅಕ್ಟೋಬರದಾಗ ಕ್ಯಾಲಿಫೋರ್ನಿಯಾದ ಓಕ್ಲಂಡ್ ಗುಡ್ಡಕ್ಕ ಬೆಂಕಿ ಬಿದ್ದು ಸಾವಿರಾರು ಮನಿ ಸುಟ್ಟವು, ಅದರಾಗ ಇವರದೂ ಒಂದು. ಮತ್ತ ಮೊದಲಿನಿಂದ ಸಂಸಾರ ಹೂಡೋ ಮುಂದ ಮನಶಾಗ ಖರೇ ಏನೇನು ಸಾಮಾನು ಬೇಕು, ಯಾಕ ಬೇಕು ಅಂತ ವಿಚಾರ ಬಂತಂತ. ಮೊದಲು ಅವರು ಮಾಡಾಕ ಹೊಂಟಿದ್ದು ಬರೇ ಮನಿ ಕಟ್ಟೋ ಆಟ. ಕಟ್ಟಿದ ಮನಿ ಬರೋಬ್ಬರಿ ಐತೋ ಇಲ್ಲೋ ನೋಡಾಕ ಒಳಗ ಮಂದೀನ ಬಿಟ್ರು, ಆಮ್ಯಾಲೆ ಆ ಮಂದಿನ ಆಟ ಆಗಿಬಿಟ್ರು. 2000ದ ಫೆಬ್ರುವರಿಯಾಗ ಆಟ ಪ್ಯಾಟಿಗೆ ಬಂತು. ಈ ಮಾತು ಲಕ್ಷ್ಯದಾಗ ಇಟಗೋರಿ: ಇಲ್ಲೆ ಮನಿ ಚಲೋನೋ ಕೆಟ್ಟೋ ಅಂತ ಹೇಳೋರು ಅದರಾಗ ಇರೋ ಮಂದಿ.

ಆಟದಾಗ ನೆಲ ಅಂದ್ರ ಲೆಕ್ಕದ ಹಾಳಿಯಂಗ ಚೌಕಾ ಚೌಕಾ. ಒಂದು ಅಂಕಣಕ್ಕ ಮೂರು ಚೌಕ ಉದ್ದ ಮೂರು ಚೌಕ ಅಗಲ ಹಿಡದ್ವಿ. ಹಿಂದಕ ಅಂಕಣದ ಅಳತಿ ಹೇಳತಿದ್ದಿದ್ದು ಮನಶ್ಯಾ ಅಲ್ಲ, ಗಿಡ. ಸಿಕ್ಕ ತೊಲಿ ಎಷ್ಟು ಉದ್ದ ಇರತಿತ್ತೋ ಕಂಬ ಅಷ್ಟು ದೂರ. ಕಂಬದ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಜಂತಿ, ಜಂತಿ ಮ್ಯಾಲೆ ಕಟ್ಟಗಿ ಚಕ್ಕಿ, ತಪ್ಪಲಾ, ಅದರ ಮ್ಯಾಲೆ ಸವಳು ಮಣ್ಣು ಬಡದು ಮಾಳಗಿ.

ಹುಡುಗಿಗೆ ಕೆಂಪು ಹಂಚು ಬೇಕಿತ್ತು. ಹಳೇ ಮನಿ ಅಂದ್ರ ಹಂಚು ಅಂತ ಆಕಿ ತೆಲ್ಯಾಗ ಕುಂತಬಿಟ್ಟೈತಿ, ಸಿನೇಮಾ ನೋಡಿ. ಮಂಗಳೂರು ಹಂಚು ಅನ್ನೋದು ಬಾಸೆಲ್ ಮಿಶನ್ನಿನವರು 1865ರಾಗ ಮಂಗಳೂರಿನ ಜೆಪ್ಪುದಾಗ ಕಾರಖಾನಿ ಹಾಕಿದ ಮ್ಯಾಲೆ ಬಂದದ್ದು. ನಮ್ಮ ಕಡೆ ರೈಲು ಬಂದದ್ದು 1880ರ ದಶಕದಾಗ. ಧಾರವಾಡದ ಪಡುವಣ ಮಗ್ಗಲು, ಮಳಿ ಜೋರು ಇರೋ ಕಡೆ, ಇಳಿಜಾರು ಹಂಚಿನ ಮನಿ ಖರೇ. ಆದ್ರ ನವಲಗುಂದ, ರೋಣದ ಎರಿ ಸೀಮಿ ಮಳಿ ಕಡಿಮಿ, ಬಿಸಿಲು ಭಾಳ. ಅಲ್ಲೆ ಮಣ್ಣಿನ ಮಾಳಗಿನ ಸೈ. ಒಳಗ ಥಂಡ, ಮ್ಯಾಲೆ ಶಂಡಗಿ ಹಪ್ಪಳ ಮೆಣಸಿನಕಾಯಿ ಒಣಗಸಾಕ ಅಂಗಳ. ನಮ್ಮವ್ವ ಹೇಳತಾಳ, ಮಾಳಗಿಯಿಂದ ಮಾಳಗಿಗೆ ದಾಟಿಕೋತ ಅರ್ಧ ಊರು ತಿರಗಬಹುದಿತ್ತಂತ. ತಲಬಾಗಲದಿಂದ ಹೊರಗ ಹೊಂಟ್ರ ಎಲ್ಲಿಗೆ ಅಂತ ಕೇಳೋರಿದ್ರು, ಮಾಳಗಿ ಏರಿದ್ರ ಯಾರೂ ಕೇಳತಿರಲಿಲ್ಲ. ನನಗ ಕೇಳಿದ್ರ ಆ ಮನ್ಯಾಗ ಹೆಣಮಕ್ಕಳಿಗೆ ಮಾಡಿಸಿದ ಜಾಗಾ ಅದೊಂದ, ಅದೂ ಯಾರೂ ಬೇಕಂತ ಮಾಡಿಸಿದ್ದಲ್ಲ. ಆಟದಾಗ ಮಾಳಗಿ ಹಾಕೋದು ಭಾಳ ಸರಳ, ಮ್ಯಾಲೊಂದು ನೆಲಾ ಎಳದು ನಿಚ್ಚಣಿಕಿ ಹಚ್ಚಿದ್ರ ಆತು.

ಗ್ವಾಡಿ ಮಾತ್ರ ತ್ರಾಸ ಕೊಡತು. ಆಟದಾಗ ಗ್ವಾಡಿ ಅಂದ್ರ ರಟ್ಟು ಇದ್ದಂಗ. ಎರಡು ಗ್ವಾಡಿ ಎಬ್ಬಿಸಿ ನಡಕ ಒಂದು ಚೌಕ ಖಾಲಿ ಬಿಟ್ಟು ದಪ್ಪ ಮಾಡಿದ್ವಿ. ಖರೇ ಮಣ್ಣಿನ ಗ್ವಾಡಿ ಹಂಗ ದಪ್ಪ ಇರೋದಕ್ಕ ಬಿಸಿಲೊಂದ ಕಾರಣ ಅಲ್ಲ. ಪೆಂಢಾರಿಗಳ ಲೂಟಿ ಮುಗದದ್ದು 1817-18ರ ಯುದ್ಧದಾಗ ಮರಾಠಾ ಪೇಶ್ವೆರ ರಾಜ್ಯ ಮುಳುಗಿ ಈ ಸೀಮಿ ಇಂಗ್ಲಿಷರ ಕೈಗೆ ಬಂದ ಮ್ಯಾಲೆ. ಅಲ್ಲೀತನಕ ಊರಾಗ ಹುಡೇವು, ಮನಿಗೆ ಕೋಟಿಯಂಥಾ ಗ್ವಾಡಿ, ಓಣಿ ಕಡೆ ಕಿಡಕಿ ಇಲ್ಲ. ಬೆಳಕು ಬೇಕಂದ್ರ ಮಾಳಗಿಯಾಗ ಒಂದು ಬೆಳಕಿಂಡಿ. ಹುಡುಗಿ ನಾಕು ಕಿಡಕಿ ಇಟ್ಟಿದ್ಲು, ಮೂರು ತಗಸಿದೆ. ಒಂದು ಯಾಕ ಬಿಟ್ಟೆ ಅಂದ್ರ ನಾವು ಹಿಡದ ಇಸ್ವಿ 1900. ಅದಕ್ಕ ಎರಡು ವರ್ಷ ಮೊದಲು ಹುಬ್ಬಳ್ಳಿ ಧಾರವಾಡದಾಗ ಪ್ಲೇಗು ಬಡದಿತ್ತು. ಮಂದಿ ಮನಿ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರು, ಹಾಫ್ಕಿನ್ ಅವರು ಮುಂಬೈದಾಗ ಮಾಡಿದ ಹೊಸಾ ಲಸಿಕಿ ಹುಬ್ಬಳ್ಳ್ಯಾಗ ಚುಚ್ಚಿದ್ರು. ಕತ್ತಲ ಮನಿ, ಗಾಳಿ ಇಲ್ಲದ ಮನಿ ಅಂದ್ರ ರೋಗದ ಮನಿ ಅಂತ ಮುಂಬೈ ಇಲಾಖೆಯ ಸರಕಾರದವರು ಹಿಂದ ಬಿದ್ರು, ಬಿಸಿಲು ಒಳಗ ಬರಲಿ ಅಂತ ಹಂಚು ತಗಸಿದ್ದೂ ಐತಿ. ಹಿಂಗಾಗಿ ಒಂದು ಕಿಡಕಿ ನಡೀತೈತಿ.

ಇನ್ನ ತಲಬಾಗಲಾ ದಾಟಿದ ಕೂಡಲೆ ಮೊದಲ ಅಂಕಣ ಯಾರದು? ದನಗಳದು. ಎಡಕ ಬಲಕ ಗ್ವಾದಲಿ, ನಡಕ ಹಾದಿ. “ಮನಿಯೊಳಗ ಎಮ್ಮಿನಾ, ಚಿಗವ್ವಾ?” ಅಂತ ಮೂಗ ಮುಚಗೊಂಡ್ಲು, ಕಂಪ್ಯೂಟರದ ಮುಂದ ಕುಂತು. ಎತ್ತು ಹೋದ್ರ ಒಕ್ಕಲತನಾನ ಹೋದಂಗ, ಅದಕ್ಕ ರಾತ್ರಿ ಒಂದ ಬಾಗಲದ ಒಳಗ ಎಲ್ಲಾರೂ. 2021ರಾಗ ಬಂದ ಕಾಟೇಜ್ ಲಿವಿಂಗ್ ಅನ್ನೋ ಕಟ್ಟಿನ್ಯಾಗ ಆಕಳಾ ಅದಾವ, ಆದ್ರ ಅವಕ್ಕ ಸಿದ್ಧ ಕೊಟ್ಟಗಿ ಐತಿ, ಇಡೀ ಕೊಟ್ಟಗಿನ ಒಂದು ಸಾಮಾನು. ನಮ್ಮ ಅಂಕಣಕ್ಕ ಒಗ್ಗಲಿಲ್ಲ. ಖಾಲಿ ಗ್ವಾದಲಿ ಕಟ್ಟಿ ಬಿಟ್ವಿ. ದನದ ಅಂಕಣದಿಂದ ಎರಡು ಪಾವಟಿಗಿ ಏರಿದ್ರ ಪಡಸಾಲಿ, ಅಲ್ಲೆ ಜೋಳದ ಚೀಲಾ, ಹತ್ತಿ ಅಂಡಗಿ. ಒಳಗ ಅಡಗಿಮನಿ, ದೇವರ ಮಾಡ, ಬಚ್ಚಲಾ, ಹಿತ್ತಲಾ. ನೆಲದ ಕೆಳಗ ಹಗೇವು.

ಹಗೇವಿನ ಸುದ್ದಿ ಕೇಳಿ ಹುಡುಗಿ ಕುಣದಾಡಿದ್ಲು, ಯಾಕಂದ್ರ ಆಟದಾಗ ನೆಲಮಾಳಗಿ ತೋಡಾಕ ಬರತೈತಿ. ಬಾಯಿ ಸಣ್ಣದು, ಒಳಗ ಗಡಗಿಯಂಗ ಅಗಲ, ಸುತ್ತಲೂ ಜೋಳದ ಕಣಕಿ ಹಚ್ಚಿ ಕಾಳು ತುಂಬಿ ಬಾಯಿ ಮುಚ್ಚಿ ಮ್ಯಾಲೆ ಮಣ್ಣು. ವರ್ಷಗಟ್ಟಲೆ ಜೋಳ ಕೆಡತಿರಲಿಲ್ಲ. ತಗದ ಕೂಡಲೆ ಯಾರೂ ಇಳೀತಿರಲಿಲ್ಲ, ಕೆಟ್ಟ ಗಾಳಿ ತುಂಬಿರತೈತಿ. ಮೊದಲು ಉರಿಯೋ ದೀಪ ಬಿಟ್ಟು ನೋಡೋದು, ದೀಪ ಆರಿದ್ರ ಮನಶ್ಯಾನ ಜೀವನೂ ಆರತೈತಿ. 1876-78ರ ಬರದಾಗ ಈ ಸೀಮಿಯೊಳಗ ಜೀವ ಹಿಡಕೊಂಡು ಉಳದ ಮನಿ ಅಂದ್ರ ಹಗೇವು ತುಂಬಿದ್ದ ಮನಿ. ಆಟದಾಗಿನ ಮಂದಿ ಹಗೇವು ಬಿಟ್ಟು ಫ್ರಿಜ್ ಕೇಳತಾರ. ಕೊನೀಗೆ ಒಂದು ಸಣ್ಣ ಫ್ರಿಜ್ ಒಲಿ ಮೂಲ್ಯಾಗ ಇಟ್ವಿ. ಏನ ಮಾಡೋದ್ರಿ, ಉಪವಾಸ ಸಾಯತಾರ.

ಇಷ್ಟು ಕಟ್ಟಿದ ಮ್ಯಾಲೆ ಮಂದಿ ಇಡೋ ಪಾಳಿ ಬಂತು. ನಮ್ಮವ್ವನ ತವರಾಗ ಆಗ ಇಪ್ಪತ್ತೆರಡು ಜೀವ. ಆಟದಾಗ ಒಂದು ಮನಿಗೆ ಎಂಟು ಮಂದಿಗಿಂತ ಹೆಚ್ಚಿಗೆ ಇಡಾಕ ಬರಂಗಿಲ್ಲ. ಯಾವ ಎಂಟು ಅಂತ ನಮ್ಮಿಬ್ಬರ ನಡಕ ಅರ್ಧ ದಿನ ವಾದ ನಡೀತು. ಆಯಿ ಅಂತೂ ಬೇಕ ಬೇಕು ಅಂದ್ಲು ಹುಡುಗಿ. ಆಮ್ಯಾಲೆ ಕೇಳಿದ್ಲು:

“ಹಂಗಾರ ಆಯಿ ಖೋಲಿ ಯಾವುದು?”

ಅವ್ವಗ ಫೋನ್ ಹಚ್ಚಿ ಕೇಳಿದ್ವಿ. “ಖೋಲಿ ಎಲ್ಲೀದs ಹುಚ್ಚೀ” ಅಂದ್ಲು ಅವ್ವ. ಗಂಡಸರು ಕಟ್ಟಿ ಮ್ಯಾಲೆ, ಪಡಸಾಲ್ಯಾಗ. ಸೊಸ್ತೇರು ಅಡಗಿಮನ್ಯಾಗ, ಬೀಸೋಕಲ್ಲಿನ ಮಗ್ಗಲ, ಕೌದಿ ಹಾಸ್ಕೊಂಡು. ನಸಕಿನ್ಯಾಗ ಎದ್ದು ಬೀಸಬೇಕಲ್ಲ, ಅದಕ್ಕ ಅಲ್ಲೇ. ಇಪ್ಪತ್ತೆರಡು ಮಂದಿ ರೊಟ್ಟಿ ಹಿಟ್ಟು ದಿನಾ ಕೈಯಾಗ ಆಗಬೇಕು. ಆಟದಾಗ ಕೌದಿ ಹಾಸಿದ್ರ ಅದು ಬರೇ ಚಂದಕ್ಕ ಹಾಸಿದ ಜಮಖಾನಿ, ಅದರ ಮ್ಯಾಲೆ ಯಾರೂ ಮಲಗಂಗಿಲ್ಲ. ಬೀಸೋಕಲ್ಲಂತೂ ಸಿಗಲೇ ಇಲ್ಲ, ಒಂದು ದುಂಡನ್ನ ಕಲ್ಲು ಹುಡುಕಿ ಇಟ್ವಿ.

ಎತ್ತಿಗೆ ಗ್ವಾದಲಿ ಐತಿ, ಕಾಳಿಗೆ ಹಗೇವು ಐತಿ, ದೇವರಿಗೆ ಮಾಡ ಐತಿ. ನಲವತ್ತು ವರ್ಷ ಆ ಮನ್ಯಾಗ ಬಾಳೇವು ಮಾಡಿದಾಕಿಗೆ ಗ್ವಾಡಿಯೊಳಗ ಒಂದು ಗೂಡು, ಅದರಾಗ ಬಾಚಣಿಕಿ, ಕುಂಕಮದ ಭರಣಿ, ಮ್ಯಾಲೊಂದು ಸೀರಿ ಗಂಟು. ಬಾಗಲಾ ಹಾಕ್ಕೊಳ್ಳೋ ಖೋಲಿ ಆಕಿಗೆ ಸಿಕ್ಕದ್ದು ಹಡದಾಗ ಮಾತ್ರ. ಬಚ್ಚಲದ ಮಗ್ಗಲ ಕತ್ತಲ ಖೋಲಿ, ಬಾಣಂತಿ ಹೊರಸು, ಹೊರಸಿನ ಕೆಳಗ ಕೆಂಡದ ಶೇಗಡಿ. ಅಲ್ಲೆ ಯಾರೂ ಕೆಲಸಾ ಹೇಳಂಗಿಲ್ಲ. ಆಯಿ ಒಂಬತ್ತು ಹಡದಾಕಿ. ಒಂಬತ್ತು ಸಲ ಖೋಲಿ ಸಿಕ್ಕಿತು ಅಂತ ಹುಡುಗಿ ಲೆಕ್ಕಾ ಹಾಕಿದ್ಲು. ನಾನು ಸುಮ್ಮನಾದೆ. ನಮ್ಮ ಮನ್ಯಾಗ ಹೆಣಮಕ್ಕಳ ಕಡೆ ಇರೋ ಹೊರಸು ಅದೊಂದೇ, ಆಟ ಅದಕ್ಕ ಬೆಡ್ರೂಮ್ ಅಂತೈತಿ.

ಸಿಮ್ಸದ ಮಂದಿಗೆ ಆರು ಬಯಕಿ ಅದಾವು, ಹಸವು, ನಿದ್ದಿ, ಜಳಕ, ಮಾತುಕತಿ, ಮೋಜು, ಮತ್ತ ಒಂದಾ-ಎರಡಾ. ಪ್ರತಿಯೊಂದಕ್ಕೂ ಒಂದು ಪಟ್ಟಿ, ತುಂಬಿದ್ರ ಹಸರು, ಖಾಲಿ ಆದ್ರ ಕೆಂಪು. ಸಂಡಾಸ ಇಲ್ಲದ ಮನ್ಯಾಗ ಆಯಿ ಪಟ್ಟಿ ಮಧ್ಯಾಹ್ನಕ್ಕ ಕೆಂಪಾತು, ನಿಂತಲ್ಲೇ ಆಗಿಬಿಟ್ಟಿತು. ಹುಡುಗಿ ನಕ್ಕಳು. ನಾನು ಅಂದೆ, 1900ರಾಗಿನ ಹೆಣಮಕ್ಕಳು ನಸಕಿನ್ಯಾಗ ಒಂದಪಾ, ಕತ್ತಲಾದ ಮ್ಯಾಲೆ ಒಂದಪಾ, ನಡಕ ಎಲ್ಲಾ ತಡಕೋಬೇಕು. ಅದಕ್ಕ ನೀರು ಕಡಿಮಿ ಕುಡೀತಿದ್ರು. 1900 ಯಾಕ, ಇಲ್ಲೆ ಓದಾಕತ್ತಿರೋ ಎಷ್ಟೋ ಮಂದಿ ನಾವೂ ಹಂಗ ಬೆಳದೀವಿ. ಸ್ವಚ್ಛ ಭಾರತ ಶುರು ಆದದ್ದು 2014ರ ಅಕ್ಟೋಬರದಾಗ, ಸಿಮ್ಸ್ 4 ಬಂದದ್ದು ಅದಕ್ಕ ಒಂದು ತಿಂಗಳು ಮೊದಲು. ಹಿತ್ತಲದಾಗ ತಟ್ಟಿ ಕಟ್ಟಿ ಸಂಡಾಸ ಇಟ್ಟೇವಿ. ಇತಿಹಾಸಕ್ಕ ಇದು ಸುಳ್ಳು ಅಂತ ಹುಡುಗಿ ತಕರಾರು. ಇರಲಿ ಬಿಡು ಅಂದೆ.

ನೋಡಾಕ ಹಳೇ ಕಾಲದ ಮನಿ ಬೇಕಾದವರು ಶಿಗ್ಗಾವಿ ಹತ್ತರ ಗೊಟಗೋಡಿ ಉತ್ಸವ ರಾಕ್ ಗಾರ್ಡನ್‌ಕ್ಕ ಹೋಗ್ರಿ, ಸೊಲಬಕ್ಕನವರ ಅವರು ಮಾಡಿಸಿದ ಹಳ್ಳಿ, ಆಳೆತ್ತರದ ಮಂದಿ ಅದಾರ. ನಮಗ ನಕ್ಷಾಕ್ಕ ಉಪಯೋಗ ಬಿದ್ದದ್ದು ಮಾತ್ರ ನಮ್ಮ ಸ್ವಾದರಮಾವಗೋಳ ಹಿಸೆಪತ್ರ. ಅದರಾಗ ಇಡೀ ಮನಿ ಅಂಕಣಾ ಅಂಕಣಾ ಬರದೈತಿ, ಯಾವ ಕಂಬದಿಂದ ಯಾವ ಕಂಬದತನಕ ಯಾರಿಗೆ ಅಂತ. ಗ್ವಾದಲಿ ಸುದ್ದಾ ಬರದಾರ. ನಮ್ಮವ್ವ, ದೊಡ್ಡವ್ವನ ಹೆಸರು ಎಲ್ಲೂ ಇಲ್ಲ.

1956ರ ಹಿಂದೂ ವಾರಸಾ ಕಾಯ್ದೆಯೊಳಗ ಹೆಣಮಕ್ಕಳಿಗೂ ಪಾಲು ಬಂತು ಅಂತ ಎಲ್ಲಾರೂ ಹೇಳತಾರ, ಖರೇನೂ ಹೌದು. ಆದ್ರ ಅದರಾಗ 23ನೇ ಕಲಮು ಅಂತ ಒಂದಿತ್ತು. ಕುಟುಂಬ ಇರೋ ಮನಿಯನ್ನ ಗಂಡಸರು ತಾವಾಗಿ ಹಂಚಿಕೊಳ್ಳೋತನಕ ಹೆಣ್ಣು ವಾರಸದಾರಳು ಹಂಚರಿ ಅಂತ ಕೇಳಂಗಿರಲಿಲ್ಲ. ಆ ಮನ್ಯಾಗ ಇರೋ ಹಕ್ಕಾದ್ರೂ ಎಂಥಾ ಮಗಳಿಗೆ? ಮದುವಿ ಆಗದಾಕಿಗೆ, ಗಂಡ ಬಿಟ್ಟಾಕಿಗೆ, ಗಂಡನಿಂದ ಬ್ಯಾರೆ ಆದಾಕಿಗೆ, ಗಂಡ ಸತ್ತಾಕಿಗೆ. ಚಲೋ ಸಂಸಾರ ಮಾಡೋ ಮಗಳಿಗೆ ಇಲ್ಲ. ಕರ್ನಾಟಕದಾಗ 1994ರಾಗ ತಿದ್ದುಪಡಿ ಆಗಿ, ಆಗ ಮದುವಿ ಆಗದ ಹೆಣಮಕ್ಕಳಿಗೆ ಪಿತ್ರಾರ್ಜಿತದಾಗ ಸಮಪಾಲು ಬಂತು. 23ನೇ ಕಲಮು ಕಿತ್ತು ಒಗದದ್ದು 2005ರಾಗ. ಅಷ್ಟೊತ್ತಿಗೆ ನಮ್ಮ ಮನಿ ಮಾಳಗಿ ಬಿದ್ದು ಜಂತಿ ಒಲಿಗೆ ಹೋಗಿದ್ವು.

ಇದನ್ನೆಲ್ಲಾ ಹೇಳಿದಾಗ ಹುಡುಗಿ ಕೇಳಿದ್ದು ಒಂದ ಮಾತು, ಆಟದಾಗ ರೊಕ್ಕದ ಚೀಲ ಇಡೀ ಮನಿಗೆ ಒಂದೇ ಐತಲ್ಲ, ಯಾರು ಬೇಕಾದ್ರೂ ತಗದು ಖರ್ಚು ಮಾಡಬಹುದು, ಹಂಗ ಯಾಕ ಇರಲಿಲ್ಲ ಅಂತ. ಉತ್ತರಾ ಹೇಳೋದ್ರಾಗ ಆಕಿ ಎದ್ದು ಮಾಳಗಿ ಮ್ಯಾಲೆ ಒಂದು ಮಂಚ ಇಟ್ಟಿದ್ಲು. ಆಯಿ ಅಲ್ಲೇ ಮಲಗತಾಳ ಈಗ. ನಡು ಹಗಲಾಗ ಸುದ್ದಾ.

ಇನ್ನ ಒಂದು ತಕರಾರು ಉಳದೈತಿ. ಹಗೇವಿನ ಬಾಯಿ ಮುಚ್ಚೋ ಕಲ್ಲು ದುಂಡಗಿತ್ತು ಅಂತ ನಮ್ಮವ್ವ, ಚೌಕ ಇತ್ತು ಅಂತ ದೊಡ್ಡವ್ವ. ಇಬ್ಬರೂ ಫೋನಿನ್ಯಾಗ ಜಗಳಾಡಿ ಮಾತು ಬಿಟ್ಟಾರ. ಆ ಮನ್ಯಾಗ ಆಡಿ ಬೆಳದಾಕಿ ಇನ್ನ್ಯಾರರ ಇದ್ರ ಹೇಳ್ರಿ. ಅಲ್ಲೀತನಕ ಚೌಕಾನ ಇರತೈತಿ, ಹುಡುಗಿ ಹಾಕಿಬಿಟ್ಟಾಳ.