ನಿಲ್ಲಿಸಿದಲ್ಲಿಂದ ಮತ್ತೆ ಹಿಡಿಯುವುದು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಲೆ ಮಾದಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುತ್ತಾರೆ. ಸಂಕಮ್ಮನ ಸಾಲಿನ ನಡುವೆ ನಿಲ್ಲಿಸಿ, ಎಲೆಅಡಿಕೆ ಹಾಕಿಕೊಂಡು ಮತ್ತೆ ಶುರು ಮಾಡಿದರೂ ಕಥೆ ಬಿಟ್ಟಲ್ಲಿಂದಲೇ ಹೊರಡುತ್ತದೆ. ಯಾರ ಮಾತು ನಡೆದಿತ್ತು, ಯಾವ ಧಾಟಿ ಇತ್ತು ಎಂಬಷ್ಟು ನೆನಪಿದ್ದರೆ ಸಾಕು.

ಕಂಪ್ಯೂಟರಿನ ಚರಿತ್ರೆಯಲ್ಲೂ ಈ ಪ್ರಶ್ನೆ ಹಳೆಯದು. ನಡುವೆ ನಿಂತು, ಮತ್ತೆ ಅಲ್ಲಿಂದಲೇ ಮುಂದುವರಿಯುವ ಕಾರ್ಯಕ್ಕೆ 1958ರಲ್ಲಿ ಮೆಲ್ವಿನ್ ಕಾನ್‌ವೇ 'ಕೊರೂಟೀನ್' ಎಂದು ಹೆಸರಿಟ್ಟರು. ಅವರ ಲೇಖನ ಅಚ್ಚಾದದ್ದು 1963ರಲ್ಲಿ.

ಹಾಡಿಕೆಯ ಧ್ವನಿಯನ್ನೂ ಪಠ್ಯವನ್ನೂ ಜೊತೆಯಾಗಿ ತೋರಿಸುವ ಸಣ್ಣ ತಂತ್ರಾಂಶವನ್ನು ನನ್ನ ಸಂಶೋಧನೆಗಾಗಿ ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಧ್ವನಿ ಓದುವ ಕೆಲಸ, ಸಾಲು ತೋರಿಸುವ ಕೆಲಸ ಸರದಿಯಂತೆ ನಡೆಯಬೇಕು. ಥ್ರೆಡ್ ಬಳಸಿದರೆ ಸರದಿ ಆಪರೇಟಿಂಗ್ ಸಿಸ್ಟಂ ಕೈಗೆ ಹೋಗುತ್ತದೆ. ಎಲ್ಲಿ ನಿಲ್ಲಬೇಕೆಂದು ನನಗೆ ಕೆಲಸವೇ ಹೇಳಬೇಕು. ಜೊತೆಗೆ ಇಂದಿನ ಯಂತ್ರ ಹಾಳಾದ ಮೇಲೂ ಆ ದನಿಗಳು ಕೇಳಬೇಕು.

1989ರ ಸಿ ಮಾನಕದಲ್ಲಿರುವ ಸೆಟ್‌ಜಂಪ್, ಲಾಂಗ್‌ಜಂಪ್ ಎಲ್ಲೆಡೆ ಸಿಗುತ್ತವೆ. ಆದರೆ ಅವು ಇನ್ನೂ ಮುಗಿಯದ ಫಂಕ್ಷನ್ನಿಗೆ ಮಾತ್ರ ಹಿಂದಿರುಗಬಲ್ಲವು. ಹೊಸ ಸ್ಟ್ಯಾಕ್ ಕೊಡುವುದಿಲ್ಲ. ಸಿಗ್ನಲ್‌ಗೆಂದು ಯುನಿಕ್ಸ್ ಕೊಡುವ ಪ್ರತ್ಯೇಕ ಸ್ಟ್ಯಾಕನ್ನೇ ಬಳಸಿ 2000ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಒಂದು ಜಾಣ ಉಪಾಯ ತೋರಿಸಿದರು. ನೇರ ದಾರಿಯಾಗಿದ್ದ ಮೇಕ್‌ಕಾಂಟೆಕ್ಸ್ಟ್, ಸ್ವಾಪ್‌ಕಾಂಟೆಕ್ಸ್ಟ್‌ಗಳನ್ನು ಪಾಸಿಕ್ಸ್ ಮಾನಕ 2008ರಲ್ಲಿ ಕೈಬಿಟ್ಟಿತು. ಮೇಕ್‌ಕಾಂಟೆಕ್ಸ್ಟ್ ಬಯಸುವ ಫಂಕ್ಷನ್ ಘೋಷಣೆ ಸಿ ಭಾಷೆಯ ನಿಯಮಕ್ಕೆ ಹೊಂದುತ್ತಿರಲಿಲ್ಲ. ಲಿನಕ್ಸಿನ ಗ್ಲಿಬ್‌ಸಿಯಲ್ಲಿ ಅವು ಇನ್ನೂ ಇವೆ, ಮಸಲ್‌ನಲ್ಲಿ ಇಲ್ಲ. ಇದ್ದಲ್ಲೂ ಸಿಗ್ನಲ್ ಮಾಸ್ಕ್ ಉಳಿಸಲು ಪ್ರತಿ ಬದಲಾವಣೆಗೂ ಕರ್ನಲ್ ಬಾಗಿಲು ತಟ್ಟುತ್ತವೆ.

ಹಾಗಾಗಿ ನಾನು ಆರಿಸಿಕೊಂಡದ್ದು ಪ್ರತಿ ಪ್ರೊಸೆಸರಿಗೂ ಬೇರೆಯಾಗಿ ಬರೆದ ಕೆಲವೇ ಸಾಲುಗಳ ಅಸೆಂಬ್ಲಿ. ಇದು ಒಯ್ಯಲಾಗದ ದಾರಿಯಂತೆ ಕಾಣುತ್ತದೆ. ಆದರೆ 64 ಬಿಟ್‌ನ ಎಕ್ಸ್86 ಲಿನಕ್ಸಿನಲ್ಲಿ ಕರೆಸಿಕೊಂಡ ಫಂಕ್ಷನ್ ಕಾಪಾಡಬೇಕಾದ ಸಾಮಾನ್ಯ ರಿಜಿಸ್ಟರುಗಳು 6, ಜೊತೆಗೆ ಸ್ಟ್ಯಾಕ್ ಪಾಯಿಂಟರ್. ಮಿಕ್ಕವುಗಳಲ್ಲಿ ಬೇಕಾದದ್ದನ್ನು ಕಂಪೈಲರ್ ಮೊದಲೇ ಎತ್ತಿಟ್ಟಿರುತ್ತದೆ. ಆರ್ಮ್‌ನಲ್ಲಿ ಪಟ್ಟಿ ಬೇರೆ, ವಿಧಾನ ಅದೇ. ಮೇಲಿನ ಸಿ ಭಾಗ ಎಲ್ಲ ಕಡೆಯೂ ಒಂದೇ. ಅಸೆಂಬ್ಲಿ ಬರೆದಿಲ್ಲದ ಯಂತ್ರದಲ್ಲಿ, ಸಿಕ್ಕರೆ ಸ್ವಾಪ್‌ಕಾಂಟೆಕ್ಸ್ಟ್.

ಮಾನಕ ಒಮ್ಮೆ ಕೊಟ್ಟದ್ದನ್ನು ಇನ್ನೊಮ್ಮೆ ಹಿಂಪಡೆಯಬಹುದು ಎಂಬುದನ್ನು 2008 ತೋರಿಸಿದೆ. ನಾಳೆ ಹೊಸ ಪ್ರೊಸೆಸರ್ ಬಂದರೆ ನನ್ನ ನಂತರದವರು ಹೊಸದಾಗಿ ಬರೆಯಬೇಕಾದದ್ದು ಒಂದೇ ಕಡತ. ಅದರಲ್ಲಿ ಏನೇನು ನೆನಪಿಡಬೇಕೆಂದು ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆದಿಟ್ಟಿದ್ದೇನೆ.