ಆನೆಕಾಸು ಮತ್ತು ರೋಮ್: ಹೊಸೂರಿನ ಒಂದು ಸವೆದ ನಾಣ್ಯ

ಈ ಪ್ರಬಂಧದ ಆಕರ ಒಂದೇ ಒಂದು ತಾಮ್ರದ ನಾಣ್ಯ. ಹೊಸೂರಿನ ನಮ್ಮ ಮನೆಯಲ್ಲಿ, ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಇತ್ತು. ಒಂದು ಬದಿ ಪೂರ್ತಿ ಸವೆದು ನುಣ್ಣಗಾಗಿದೆ. ಇನ್ನೊಂದು ಬದಿಗೆ ಓರೆಯಾಗಿ ಬೆಳಕು ಬಿಟ್ಟರೆ ಎರಡು ಎಕ್ಸ್ ಅಕ್ಷರಗಳು ಪಕ್ಕಪಕ್ಕ ಕಾಣುತ್ತವೆ. ಅಜ್ಜಿ "ಅದು ಆನೆಕಾಸು ಕಣೋ" ಅಂದರು. ಆನೆ ಎಲ್ಲೂ ಕಾಣಲಿಲ್ಲ. ಆ ಮಾತನ್ನು ನಾನು ಬರೆದುಕೊಳ್ಳಲೂ ಇಲ್ಲ.

ನನ್ನ ತಲೆ ನೇರ ರೋಮಿಗೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ನಮ್ಮೂರಿಂದ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಯಶವಂತಪುರದ ಬಳಿ 1891ರಲ್ಲಿ ರೈಲು ಹಾದಿಗೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ನಾಣ್ಯಗಳ ಜೊತೆಗೇ ಅಗಸ್ಟಸ್, ಟೈಬೀರಿಯಸ್ ಕಾಲದವು ಸಿಕ್ಕಿವೆ. ಇವೆಲ್ಲ ಬೆಳ್ಳಿ, ನನ್ನದು ತಾಮ್ರ. ಆದರೆ ಕರೂರಿನ ಅಮರಾವತಿ ನದಿಯ ಮರಳಲ್ಲಿ ನಾಲ್ಕು, ಐದನೇ ಶತಮಾನದ ಸಣ್ಣ ರೋಮನ್ ತಾಮ್ರದ ಕಾಸುಗಳೂ ಸಿಗುತ್ತವೆ. ಆ ಕಾಲದ ಕೆಲವು ನಾಣ್ಯಗಳ ಹಿಂಬದಿಯಲ್ಲಿ ಎಲೆಮಾಲೆಯ ನಡುವೆ 'ವೋಟ್' ಎಂಬ ಅಕ್ಷರಗಳೂ ಅದರ ಕೆಳಗೆ ಎರಡು ಎಕ್ಸ್ ಕೂಡ ಇರುತ್ತವೆ. ಚಕ್ರವರ್ತಿಯ ಇಪ್ಪತ್ತು ವರ್ಷದ ಆಳ್ವಿಕೆಗೆ ಹೊತ್ತ ಹರಕೆ ಅದು. ನನಗೆ ಇಷ್ಟು ಸಾಕಾಯ್ತು. ಪ್ರಬಂಧದ ಶೀರ್ಷಿಕೆಯನ್ನೂ ಬರೆದಿಟ್ಟುಕೊಂಡೆ.

ಅದನ್ನು ಕೆಡಿಸಿದ್ದು ತಕ್ಕಡಿ. ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿದರೆ ಒಂಬತ್ತು ಗ್ರಾಂ ಹತ್ತಿರ ಬಂತು. ಕರೂರಿನ ಆ ಸಣ್ಣ ಕಾಸುಗಳು ಸಾಮಾನ್ಯವಾಗಿ ಎರಡು ಮೂರು ಗ್ರಾಂ ದಾಟುವುದಿಲ್ಲ. ಸವೆತದಿಂದ ನಾಣ್ಯದ ತೂಕ ಇಳಿಯುತ್ತದೆ, ಏರುವುದಿಲ್ಲವಲ್ಲ! ಸವೆದ ನಾಣ್ಯದಲ್ಲಿ ಲೋಹ, ತೂಕ, ಅಳತೆ ಮೊದಲು ನೋಡಬೇಕು. ಆಮೇಲೆ ಚಿತ್ರ, ಕೊನೆಗೆ ಅಕ್ಷರ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅಕ್ಷರದಿಂದಲೇ ಶುರು ಮಾಡಿಬಿಡ್ತೀವಿ.

ಮತ್ತೆ ಬೆಳಕು ಬಿಟ್ಟು ನೋಡಿದಾಗ, ನಾನು ಗೀರು ಅಂದುಕೊಂಡಿದ್ದ ಒಂದು ಗೆರೆ 'ಸು'ವಿನ ಕೊಂಬು! ಕನ್ನಡ ಎಂ.ಎ. ಓದುತ್ತಾ ಅಂಗೈಯಲ್ಲಿದ್ದ ಕನ್ನಡವನ್ನು ಓದಲಾಗಲಿಲ್ಲ, ಇಲ್ಲದ ಲ್ಯಾಟಿನ್ ಓದಿದ್ದೆ.

ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯ. ಒಂದು ಬದಿ ಆನೆ. ಇನ್ನೊಂದು ಬದಿ ಕನ್ನಡದಲ್ಲಿ 'ಮಯಿಲಿ ಕಾಸು', ಜೊತೆಗೆ ಇಂಗ್ಲಿಷಿನಲ್ಲಿ ಎರಡು ಎಕ್ಸ್ ಹಾಗೂ 'ಕ್ಯಾಶ್'. ಅಂಕಿಯೇನೋ ರೋಮನ್ನೇ, ಆದರೆ ಬಂದದ್ದು ಇಂಗ್ಲಿಷಿನ ಜೊತೆ. ಆ 'ಕ್ಯಾಶ್' ಕೂಡ ನಮ್ಮ ದಕ್ಷಿಣದ ಕಾಸೇ, ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದದ್ದು. ಹೊಸೂರಿನ ಸಂತೆಯಲ್ಲಿ ಇವತ್ತಿಗೂ ಕನ್ನಡದವರಿಗೂ ತಮಿಳರಿಗೂ ಈ ಪದ ಅರ್ಥವಾಗುತ್ತದೆ.

ಆದರೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೊಸೂರು ಕಂಪನಿಯ ಸೇಲಂ ಜಿಲ್ಲೆಗೆ ಸೇರಿತು. ಹಾಗಾದರೆ ಮೈಸೂರಿನ ಕಾಸು ಇಲ್ಲಿಗೆ ಬಂದದ್ದು ಹೇಗೆ? ಗಡಿ ದಾಟಿ ಚಲಾವಣೆಯಲ್ಲಿತ್ತು ಅನ್ನಲು ಆಸೆಯಾಗುತ್ತದೆ. ಆದರೆ ಅಜ್ಜಿಯ ತವರು ಆನೇಕಲ್. ಮದುವೆಯ ಪೆಟ್ಟಿಗೆಯಲ್ಲೇ ಬಂದಿರಬಹುದಲ್ಲ? ಕೇಳಿದೆ. "ನಮ್ಮತ್ತೆ ಕೊಟ್ಟದ್ದು. ಅವರು ಹುಟ್ಟಿ ಬೆಳೆದದ್ದೆಲ್ಲ ಇದೇ ಬೀದೀಲಿ" ಅಂದರು. ಈ ಸಲ ಬರೆದುಕೊಂಡೆ, ತಾರೀಕು ಸಮೇತ.