ಗಡಿ ದಾಟಿದರೆ ಪರ್ಮಿಟ್ ಬರೀ ಕಾಗದ

ನಮ್ಮ ಕಡೆಯ ಲಾರಿ ಚಾಲಕರ ಲೈಸೆನ್ಸ್ ಹಾವೇರಿಯಲ್ಲಿ ನಡೆದಂತೆ ಗುವಾಹಟಿಯಲ್ಲೂ ನಡೆಯುತ್ತದೆ. ಅಮೆರಿಕದಲ್ಲೂ ಡ್ರೈವಿಂಗ್ ಲೈಸೆನ್ಸ್ ಹಾಗೆಯೇ, ಯಾವ ರಾಜ್ಯಕ್ಕೆ ಹೋದರೂ ನಡೆಯುತ್ತದೆ. ಆದರೆ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಅಲ್ಲಿನ ರಾಜ್ಯಗಳು ಕೊಡುವ ಪರ್ಮಿಟ್ ಹಾಗಲ್ಲ. ಗಡಿ ದಾಟಿದರೆ ಅದು ಬರೀ ಕಾಗದವಾಗಬಹುದು, ಒಯ್ದವರು ಜೈಲು ಸೇರಬಹುದು. ಈ ಗೋಜಲಿನ ಬುಡ ಹುಡುಕಿದ ನಮಗೆ ಸಿಕ್ಕಿದ್ದು ತಿರುಗುಮುರುಗಾದ ಕತೆ.

1813ರಲ್ಲಿ ಕೆಂಟಕಿ ರಾಜ್ಯ ಒಂದು ಕಾಯ್ದೆ ತಂದಿತು. ಕಿಸೆ ಪಿಸ್ತೂಲು, ದೊಡ್ಡ ಚಾಕು, ಊರುಗೋಲಿನೊಳಗಿನ ಕತ್ತಿ ಇಂಥವನ್ನು ಮರೆಮಾಡಿ ಇಟ್ಟುಕೊಂಡವರಿಗೆ 100 ಡಾಲರ್‌ಗೆ ಕಡಿಮೆಯಿಲ್ಲದ ದಂಡ. ವಿನಾಯಿತಿ ಯಾರಿಗೆ ಗೊತ್ತೇ? ಪ್ರಯಾಣ ಹೊರಟವರಿಗೆ! ಊರೊಳಗೆ ಆಯುಧ ಬಚ್ಚಿಟ್ಟುಕೊಂಡವನ ಮೇಲೆ ಅನುಮಾನ, ದಾರಿಹೋಕನ ಮೇಲೆ ನಂಬಿಕೆ. 1871ರ ಟೆಕ್ಸಾಸ್ ಕಾಯ್ದೆಯೂ ಪ್ರಯಾಣಿಕರು ಸಾಮಾನಿನ ಜೊತೆ ಆಯುಧ ಒಯ್ಯಬಹುದು ಎಂದಿತು. ಪ್ರಯಾಣಿಕ ಎಂದರೆ ಯಾರು ಎಂಬ ತಕರಾರು ಮಾತ್ರ ಅಲ್ಲಿನ ಕೋರ್ಟುಗಳಲ್ಲಿ ನೂರು ವರ್ಷ ಕಳೆದರೂ ಮುಗಿಯಲಿಲ್ಲ.

ಆಮೇಲೆ ಪರ್ಮಿಟ್‌ಗಳ ಕಾಲ ಬಂತು. 1911ರಲ್ಲಿ ನ್ಯೂಯಾರ್ಕ್ ಪಿಸ್ತೂಲಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. 1987ರಲ್ಲಿ ಫ್ಲೋರಿಡಾ, ಅರ್ಹರೆಲ್ಲರಿಗೂ ಪರ್ಮಿಟ್ ಕೊಡಲೇಬೇಕು ಎಂದಿತು. ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಆದರೆ ಒಬ್ಬರ ಪರ್ಮಿಟ್ ಇನ್ನೊಬ್ಬರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. (ನಮ್ಮಲ್ಲೂ ಬಂದೂಕಿನ ಲೈಸೆನ್ಸ್‌ನಲ್ಲಿ ಅದು ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರೆದಿರುತ್ತಾರೆ.) ವರ್ಮಾಂಟ್‌ನವರದು ಇನ್ನೂ ಫಜೀತಿ. ಅಲ್ಲಿ ಪರ್ಮಿಟ್ ಎಂಬುದೇ ಇಲ್ಲ, ಹೊರರಾಜ್ಯದಲ್ಲಿ ತೋರಿಸುವುದೇನು?

ಪ್ರಯಾಣಿಕರಿಗೆಂದೇ 1986ರಲ್ಲಿ ಕೇಂದ್ರ ಕಾಯ್ದೆಯೊಂದು ಬಂತು. ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ಬಂದೂಕು ಕಾನೂನುಬದ್ಧವಾಗಿದ್ದರೆ ನಡುವಿನ ರಾಜ್ಯ ಹಿಡಿಯುವಂತಿಲ್ಲ. ಆದರೆ ಗುಂಡು ತೆಗೆದಿರಬೇಕು, ಬಂದೂಕು ಕೈಗೆ ಸಿಗದಂತೆ ಕಾರಿನ ಡಿಕ್ಕಿಯಲ್ಲಿರಬೇಕು. ಅಂದರೆ ಸೊಂಟದಲ್ಲಿಟ್ಟುಕೊಳ್ಳುವ ಪರ್ಮಿಟ್‌ಗೆ ಇದರಿಂದ ಏನೂ ಲಾಭವಿಲ್ಲ.

ಈ ರಕ್ಷಣೆ ಎಷ್ಟು ತೆಳು ಎಂಬುದು 2005ರಲ್ಲಿ ಗೊತ್ತಾಯಿತು. ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ ಒಬ್ಬರಿಗೆ ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಬೀಗ ಹಾಕಿದ ಪಿಸ್ತೂಲು ಇದ್ದ ಸೂಟ್‌ಕೇಸ್ ಹಿಡಿದು ರಾತ್ರಿ ಹೋಟೆಲಿನಲ್ಲಿ ಉಳಿದರು. ಬೆಳಿಗ್ಗೆ ಮತ್ತೆ ವಿಮಾನ ನಿಲ್ದಾಣಕ್ಕೆ ಹೋಗಿ, ನಿಯಮದಂತೆ ಪಿಸ್ತೂಲು ಇದೆ ಎಂದು ತಾವೇ ಹೇಳಿದರು. ಪೊಲೀಸರು ಬಂಧಿಸಿದರು! ಮುಂದೆ ಆರೋಪ ಕೈಬಿಟ್ಟರು, ನಿಜ. ಆದರೆ ಅವರು ಹೂಡಿದ ದಾವೆಯನ್ನು 2010ರಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಹೋಟೆಲಿನ ರಾತ್ರಿ ಪಿಸ್ತೂಲು ಕೈಗೆ ಸಿಗುವಂತಿತ್ತು, ಹಾಗಾಗಿ ರಕ್ಷಣೆ ಇಲ್ಲ ಎಂದಿತು. ವಿಮಾನ ತಪ್ಪಿದ್ದು ಅವರ ತಪ್ಪಲ್ಲ, ಸತ್ಯ ಹೇಳಿದ್ದೂ ತಪ್ಪಲ್ಲ. ನಮಗಂತೂ ಈ ತೀರ್ಪು ಬಿಗಿಯಾಯಿತು ಅನ್ನಿಸುತ್ತದೆ.

ಎಲ್ಲ ರಾಜ್ಯಗಳೂ ಪರಸ್ಪರರ ಪರ್ಮಿಟ್ ಒಪ್ಪಬೇಕೆಂಬ ಮಸೂದೆ 2017ರ ಡಿಸೆಂಬರ್‌ನಲ್ಲಿ ಅಲ್ಲಿನ ಕೆಳಮನೆಯಲ್ಲಿ 231-198 ಮತಗಳಿಂದ ಗೆದ್ದಿತು, ಸೆನೆಟ್‌ನಲ್ಲಿ ನಿಂತುಹೋಯಿತು. ವಿರೋಧಿಸಿದವರ ಮಾತಿಗೂ ತೂಕವಿದೆ: ತರಬೇತಿಯಿಲ್ಲದೆ ಪರ್ಮಿಟ್ ಕೊಡುವ ರಾಜ್ಯದ ನಿಯಮವನ್ನು ಬಿಗಿ ನಿಯಮದ ರಾಜ್ಯ ಯಾಕೆ ಹೊರಬೇಕು? 2022ರಲ್ಲಿ ಸುಪ್ರೀಂ ಕೋರ್ಟ್, ಮನೆಯ ಹೊರಗೂ ಪಿಸ್ತೂಲು ಒಯ್ಯುವ ಹಕ್ಕಿದೆ ಎಂದು ತೀರ್ಪಿತ್ತರೂ ಪರರಾಜ್ಯದ ಪರ್ಮಿಟ್‌ಗೆ ಬೆಲೆ ಬರಲಿಲ್ಲ. ಪೆನ್ಸಿಲ್ವೇನಿಯಾದ ಪರ್ಮಿಟ್ ಹಿಡಿದು ಡೆಲವೇರ್ ನದಿಯ ಸೇತುವೆ ದಾಟಿ ನ್ಯೂಜೆರ್ಸಿಗೆ ಬಂದವರು, ಅಲ್ಲಿನ ಪೊಲೀಸರ ಲೆಕ್ಕದಲ್ಲಿ ಪರ್ಮಿಟ್ ಇಲ್ಲದವರೇ.